ಮಿಷನರಿಗಳ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮ ಅಜ್ಜ ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದವರು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದು ಇಲ್ಲಿ ಶಾಲೆ, ಮುದ್ರಣಾಲಯ ನಡೆಸಿದ ಆ ಪಾದ್ರಿಗಳ ಊಟ, ವಸತಿ, ಪ್ರಯಾಣದ ಖರ್ಚನ್ನು ಯಾರು ಕೊಡುತ್ತಿದ್ದರು? ಬ್ರಿಟಿಷ್ ಸರ್ಕಾರವೇ? ಒಬ್ಬರನ್ನು ಮತಾಂತರಿಸಿದರೆ ಇಷ್ಟು ಎಂದು ಹಣ ಸಿಗುತ್ತಿತ್ತು ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಈಗಿನ ಮಿಷನರಿಗಳಿಗೆ ಹಣ ಹೇಗೆ ಬರುತ್ತದೆ, ಅದನ್ನು ಸಾಮಾನ್ಯರು ಪರಿಶೀಲಿಸಬಹುದೇ?

ಉತ್ತರ: ನಿಮ್ಮ ಅಜ್ಜನ ಶಾಲೆಯನ್ನು ಕಟ್ಟಿದ ಪಾದ್ರಿಗಳ ಜೀವನ ನಡೆದದ್ದು ಮುಖ್ಯವಾಗಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದ ಮತ್ತು ಸ್ವಿಟ್ಜರ್ಲೆಂಡಿನ ಸಾಮಾನ್ಯ ಭಕ್ತರು ಕೊಟ್ಟ ಸಣ್ಣ ಸಣ್ಣ ಕಾಣಿಕೆಗಳಿಂದ. ಅದರ ಜೊತೆಗೆ ಬಾಸೆಲ್ ನಗರದ ಶ್ರೀಮಂತ ವರ್ತಕ ಕುಟುಂಬಗಳ ದೊಡ್ಡ ದೇಣಿಗೆಗಳೂ, ಭಾರತದಲ್ಲಿದ್ದ ಕೆಲವು ಬ್ರಿಟಿಷ್ ಅಧಿಕಾರಿಗಳ ಖಾಸಗಿ ಕೊಡುಗೆಗಳೂ, ಮುಂದೆ ಮಿಷನ್ನಿನದೇ ಕೈಗಾರಿಕೆ ಮತ್ತು ವ್ಯಾಪಾರದ ಲಾಭವೂ ಸೇರಿಕೊಂಡವು. ಸರ್ಕಾರದ ಹಣ ಶಾಲೆಗಳಿಗೆ ಬಂದದ್ದುಂಟು. ಅದರ ವಿವರವನ್ನು ಮುಂದೆ ಹೇಳುತ್ತೇನೆ. ಮಿಷನ್ ಸಂಸ್ಥೆಗಳ ವಾರ್ಷಿಕ ವರದಿಗಳನ್ನೂ ಲೆಕ್ಕಪತ್ರಗಳನ್ನೂ ಓದುತ್ತಾ ಬಂದವನಾಗಿ ನನಗೆ ಮನವರಿಕೆಯಾಗಿರುವುದು ಇಷ್ಟು: ಹಣ ಎಷ್ಟು ಬಂತು ಎನ್ನುವುದಕ್ಕಿಂತ ಅದು ಯಾರ ಕೈಯಿಂದ ಹೊರಟು, ಯಾರ ಕೈ ದಾಟಿ, ಯಾವ ಕರಾರಿನ ಮೇಲೆ ಮಿಷನರಿಯನ್ನು ತಲುಪಿತು ಎನ್ನುವುದೇ ಅವನ ಕೆಲಸದ ಸ್ವರೂಪವನ್ನು ಹೆಚ್ಚಾಗಿ ನಿರ್ಧರಿಸಿದೆ.

ಹತ್ತೊಂಬತ್ತನೆಯ ಶತಮಾನಕ್ಕೆ ಮೊದಲು ಈ ಖರ್ಚನ್ನು ಬಹುಮಟ್ಟಿಗೆ ಅರಸರೇ ಹೊರುತ್ತಿದ್ದರು. ಗೋವೆಯ ಪೋರ್ಚುಗೀಸ್ ಆಡಳಿತದಲ್ಲಿ ಚರ್ಚುಗಳ ಮತ್ತು ಪಾದ್ರಿಗಳ ವೆಚ್ಚವನ್ನು ದೊರೆ ಕೊಡುವುದು, ಅದಕ್ಕೆ ಪ್ರತಿಯಾಗಿ ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಅವನು ಇಟ್ಟುಕೊಳ್ಳುವುದು ಎಂಬ 'ಪದ್ರುವಾದೊ' ಏರ್ಪಾಡು ಇತ್ತು. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಮೊದಲ ಪ್ರಾಟೆಸ್ಟೆಂಟ್ ಮಿಷನರಿಗಳನ್ನು ಕಳಿಸಿದವನು ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡೆರಿಕ್. ಆದರೆ ದೊರೆಯ ಹಣವೊಂದೇ ಸಾಲದೆ, ಜರ್ಮನಿಯ ಹಾಲೆ ನಗರದಲ್ಲಿ ಅವರ ಪತ್ರಗಳನ್ನು ಅಚ್ಚು ಮಾಡಿ ಓದುಗರಿಂದ ದಾನ ಪಡೆಯುವ ಕ್ರಮ ಅಲ್ಲಿಯೇ ಶುರುವಾಯಿತು. ಮಿಷನರಿ ಕ್ಷೇತ್ರದಿಂದ ಬರೆದು ಕಳಿಸುವುದು, ಊರಿನ ಭಕ್ತರು ಅದನ್ನು ಓದಿ ಕಾಣಿಕೆ ಕೊಡುವುದು ಎಂಬ ಈ ಜೋಡಣೆ ಮುನ್ನೂರು ವರ್ಷಗಳಾದರೂ ಮೂಲದಲ್ಲಿ ಬದಲಾಗಿಲ್ಲ.

ಅರಸರನ್ನು ನೆಚ್ಚಿಕೊಂಡ ವ್ಯವಸ್ಥೆ ಎಷ್ಟು ದುರ್ಬಲ ಎನ್ನುವುದು ಫ್ರೆಂಚ್ ಕ್ರಾಂತಿಯಲ್ಲಿ ಗೊತ್ತಾಯಿತು. ಚರ್ಚಿನ ಆಸ್ತಿ ಮುಟ್ಟುಗೋಲಾದ ಮೇಲೆ ಪ್ಯಾರಿಸ್ಸಿನ ಮಿಷನ್ ಸಂಘದಿಂದ ದೂರದೇಶಗಳಿಗೆ ಹೋಗಿದ್ದ ಪಾದ್ರಿಗಳು ಬೆಂಬಲವಿಲ್ಲದವರಾದರು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಅಬ್ಬೆ ದುಬುವಾ ಅದೇ ಸಂಘದವರು. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಮದರಾಸಿನ ಬ್ರಿಟಿಷ್ ಸರ್ಕಾರ 1807ರಲ್ಲಿ 2,000 ಪಗೋಡಗಳಿಗೆ (ಆಗ ಚಲಾವಣೆಯಲ್ಲಿದ್ದ ಚಿನ್ನದ ನಾಣ್ಯ) ಕೊಂಡುಕೊಂಡ ಸಂಗತಿ ಹಲವರಿಗೆ ತಿಳಿದಿದೆ. ಊರಿನ ನೆರವು ಬತ್ತಿದ ಕಾಲದಲ್ಲಿ ಅಂಥ ಮೊತ್ತ ಒಬ್ಬ ಪಾದ್ರಿಗೆ ಎಷ್ಟು ದೊಡ್ಡ ಆಸರೆಯಾಗಿರಬೇಕು ಎನ್ನುವುದನ್ನೂ ನಾವು ನೆನೆಯಬೇಕು.

ಆ ಬಿಕ್ಕಟ್ಟಿನ ನಂತರದ ಫ್ರಾನ್ಸಿನಲ್ಲಿ, ರೇಷ್ಮೆ ನೇಯ್ಗೆಗೆ ಹೆಸರಾದ ಲಿಯೋನ್ ನಗರದಲ್ಲಿ, ಪೌಲಿನ್ ಜಾರಿಕೋ ಎಂಬ ಯುವತಿ ಒಂದು ಸರಳ ಉಪಾಯ ಕಂಡುಕೊಂಡಳು. ವಾರಕ್ಕೆ ಒಂದು 'ಸೂ' ನಾಣ್ಯ, ಅಂದರೆ ಗಿರಣಿಯ ಹೆಣ್ಣುಮಗಳೂ ಕೊಡಬಲ್ಲಷ್ಟು ಚಿಕ್ಕ ಕಾಣಿಕೆ. ಹತ್ತು ಜನರಿಗೆ ಒಬ್ಬ ಸಂಗ್ರಾಹಕಿ. ಅಂಥ ಹತ್ತು ಗುಂಪುಗಳಿಗೆ ಮೇಲೊಬ್ಬರು. ನೂರು ಗುಂಪುಗಳಿಗೆ ಅದರ ಮೇಲೊಬ್ಬರು. 1822ರಲ್ಲಿ ಇದೇ ಮಾದರಿಯ ಮೇಲೆ 'ವಿಶ್ವಾಸ ಪ್ರಸಾರ ಸಂಘ' ಹುಟ್ಟಿತು. ಒಂದು ನಿರ್ದಿಷ್ಟ ಮಠಕ್ಕೋ ಒಂದು ದೇಶಕ್ಕೋ ಅಲ್ಲದೆ ಜಗತ್ತಿನ ಎಲ್ಲ ಕ್ಯಾಥೊಲಿಕ್ ಮಿಷನ್‌ಗಳಿಗೂ ಹಣ ಹಂಚುವುದು ಅದರ ಗುರಿಯಾಗಿತ್ತು. ನೂರು ವರ್ಷಗಳ ನಂತರ, 1922ರಲ್ಲಿ, ಅದು ರೋಮ್‌ಗೆ ಸ್ಥಳಾಂತರವಾಗಿ ಪೋಪರ ನೇರ ಆಶ್ರಯಕ್ಕೆ ಬಂತು. 1926ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ವಿಶ್ವ ಮಿಷನ್ ಭಾನುವಾರವನ್ನು ಸ್ಥಾಪಿಸಿದರು. ಇಂದಿಗೂ ಅಕ್ಟೋಬರ್ ತಿಂಗಳ ಕೊನೆಯದಕ್ಕೆ ಹಿಂದಿನ ಭಾನುವಾರ ಜಗತ್ತಿನ ಕ್ಯಾಥೊಲಿಕ್ ಚರ್ಚುಗಳಲ್ಲಿ, ನಮ್ಮ ಮಂಗಳೂರು ಮೈಸೂರಿನ ಧರ್ಮಪ್ರಾಂತ್ಯಗಳಲ್ಲಿಯೂ, ಎತ್ತುವ ವಿಶೇಷ ಕಾಣಿಕೆ ಆ ಸಾಮಾನ್ಯ ನಿಧಿಗೆ ಹೋಗುತ್ತದೆ. ಪೌಲಿನ್ ಬದುಕಿನ ಕೊನೆಯ ವರ್ಷಗಳನ್ನು ಕಡುಬಡತನದಲ್ಲಿ ಕಳೆದರು. 2022ರಲ್ಲಿ ಲಿಯೋನ್ ನಗರದಲ್ಲಿಯೇ ಅವರನ್ನು ಧನ್ಯರೆಂದು, ಅಂದರೆ ಸಂತಪದವಿಗೆ ಹಿಂದಿನ ಹಂತಕ್ಕೆ ಏರಿದವರೆಂದು, ಘೋಷಿಸಲಾಯಿತು.

ಪ್ರಾಟೆಸ್ಟೆಂಟರಲ್ಲಿ ಇದಕ್ಕೂ ಮೊದಲೇ ಸದಸ್ಯರ ವಂತಿಗೆಯ ಮೇಲೆ ನಿಂತ ಸಂಘಗಳು ಬಂದಿದ್ದವು. 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನಲ್ಲಿ, ಒಬ್ಬ ವಿಧವೆಯ ಮನೆಯಲ್ಲಿ ಸೇರಿದ ಕೆಲವು ಬ್ಯಾಪ್ಟಿಸ್ಟ್ ಪಾದ್ರಿಗಳು 13 ಪೌಂಡ್ 2 ಷಿಲಿಂಗ್ 6 ಪೆನ್ಸ್ ಕೊಡುವುದಾಗಿ ಬರೆದುಕೊಟ್ಟರು. ವಿಲಿಯಂ ಕೇರಿಯನ್ನು ಮರುವರ್ಷ ಬಂಗಾಳಕ್ಕೆ ಕಳಿಸಿದ ಸಂಘದ ಮೊದಲ ಬಂಡವಾಳ ಅಷ್ಟೇ. ಅದು ಸಾಲುವುದಿಲ್ಲ ಎನ್ನುವುದು ಕೇರಿಗೆ ಬೇಗ ತಿಳಿಯಿತು. ಮೊದಲು ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯೊಂದನ್ನು ನೋಡಿಕೊಂಡರು, 1801ರಿಂದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಪಡೆದರು. ಕಲ್ಕತ್ತೆಯ ಹತ್ತಿರದ ಸೆರಾಂಪುರದ ಮೂವರು, ಅಂದರೆ ಕೇರಿ, ಮಾರ್ಶ್‌ಮನ್ ಮತ್ತು ವಾರ್ಡ್, ತಮ್ಮ ಗಳಿಕೆಯನ್ನೆಲ್ಲ ಒಂದೇ ಬೊಕ್ಕಸಕ್ಕೆ ಹಾಕಿ ಅದರಿಂದ ಊಟ, ಮುದ್ರಣ, ಶಾಲೆ ಎಲ್ಲವನ್ನೂ ನಡೆಸಿದರು. ಮುಂದೆ ಇದೇ ಜಗಳಕ್ಕೂ ಕಾರಣವಾಯಿತು: ನಾವೇ ಗಳಿಸಿ ಕಟ್ಟಿದ ಆಸ್ತಿಯ ಮೇಲೆ ಇಂಗ್ಲೆಂಡಿನ ಸಮಿತಿಗೆ ಎಷ್ಟು ಅಧಿಕಾರ ಎನ್ನುವ ಪ್ರಶ್ನೆ ಬಲಿತು 1827ರಲ್ಲಿ ಸೆರಾಂಪುರದವರು ಸಂಘದಿಂದ ಬೇರೆಯಾದರು. ಹಣ ಕೊಡುವವರು ಆಳುತ್ತಾರೆ, ತಾವೇ ಗಳಿಸಿದವರು ಆಳಿಸಿಕೊಳ್ಳಲು ಒಪ್ಪುವುದಿಲ್ಲ ಎನ್ನುವ ಈ ತಿಕ್ಕಾಟ ಅನೇಕ ಮಿಷನ್‌ಗಳಲ್ಲಿ ಮರುಕಳಿಸಿದೆ.

ಈಗ ಬಾಸೆಲ್ ಮಿಷನ್ನಿಗೆ ಬರೋಣ. ಅದು 1815ರಲ್ಲಿ ಸ್ಥಾಪನೆಯಾಯಿತು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು (ಅಧಿಕಾರಪತ್ರ) ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ನೆಲೆಸಲು ಅವಕಾಶವಾಯಿತು. ಅದರ ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ ಮತ್ತು ಹುಬ್ಬಳ್ಳಿಯಲ್ಲಿ ಕೇಂದ್ರಗಳಾದವು. ಕೆಲಸ ಬೆಳೆದಷ್ಟು ಕಾಣಿಕೆ ಬೆಳೆಯದೆ 1850ರ ದಶಕದಲ್ಲಿ ಮಿಷನ್ ಸಾಲದಲ್ಲಿ ಸಿಲುಕಿತು. ಆಗ ಬಾಸೆಲ್‌ನ ರೇಷ್ಮೆ ಪಟ್ಟಿಯ ಉದ್ಯಮಿ ಕಾರ್ಲ್ ಸಾರಾಸಿನ್ ಆರಂಭಿಸಿದ್ದು 'ಅರ್ಧ ಬಾಟ್ಸೆನ್' ಸಂಗ್ರಹ. ಬಾಟ್ಸೆನ್ ಎನ್ನುವುದು ಹಳೆಯ ಸ್ವಿಸ್ ನಾಣ್ಯ. ಅದರ ಅರ್ಧವೆಂದರೆ ಹೊಸ ಲೆಕ್ಕದಲ್ಲಿ ಐದು ರಾಪೆನ್, ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು. ಪ್ರತಿ ಸದಸ್ಯರೂ ವಾರಕ್ಕೆ ಅಷ್ಟು ಕೊಡುವುದು. ಮನೆಮನೆಗೆ ಹೋಗಿ ಅದನ್ನು ಎತ್ತುವವರು ಜೊತೆಗೆ ಮಿಷನ್ ಸುದ್ದಿಯ ತೆಳುವಾದ ಹಾಳೆಯನ್ನೂ ಕೊಟ್ಟುಬರುವುದು. ಲಿಯೋನ್‌ನ ಕ್ಯಾಥೊಲಿಕ್ ಯುವತಿಯ ಉಪಾಯವೂ ಬಾಸೆಲ್‌ನ ಪ್ರಾಟೆಸ್ಟೆಂಟ್ ಉದ್ಯಮಿಯ ಉಪಾಯವೂ ಎಷ್ಟು ಹತ್ತಿರ ಎನ್ನುವುದನ್ನು ಗಮನಿಸಿ. ಎರಡರಲ್ಲೂ ಮುಖ್ಯವಾದದ್ದು ವಾರದ ನಿಯಮ. ವರ್ಷಕ್ಕೊಮ್ಮೆ ಬರುವ ದೊಡ್ಡ ದೇಣಿಗೆ ಬರಬಹುದು, ಬಾರದೆಯೂ ಇರಬಹುದು. ಸಾವಿರಾರು ಮನೆಗಳಿಂದ ಪ್ರತಿ ವಾರ ಬರುವ ಪುಡಿಗಾಸಿನ ಮೇಲೆ ಮುಂದಿನ ವರ್ಷದ ಲೆಕ್ಕ ಹಾಕಬಹುದು.

ಆ ಕಾಸನ್ನು ಕೊಟ್ಟವರು ಬಹಳ ಮಂದಿ ರೈತರು, ನೇಕಾರರು, ಮನೆಗೆಲಸದ ಹೆಂಗಸರು. ಹೆಣ್ಣುಮಕ್ಕಳ ಸಂಘಗಳು ಹೆಣೆದು ಹೊಲಿದ ವಸ್ತುಗಳನ್ನು ಮಾರಿ ಹಣ ಕೂಡಿಸುತ್ತಿದ್ದವು. ಮಿಷನರಿಗಳೂ ಬಹುಪಾಲು ಅಂಥದೇ ಮನೆಗಳ ಮಕ್ಕಳು. ಅವರಿಗೆ ಸಿಗುತ್ತಿದ್ದುದು ಜೀವನಾಂಶ; ಸಂಪತ್ತು ಕೂಡಿಡುವಂಥ ಸಂಬಳವಲ್ಲ. ಅದಕ್ಕೆ ಪ್ರತಿಯಾಗಿ ಬಾಸೆಲ್‌ನ ಸಮಿತಿ ಅವರ ಬದುಕಿನ ಮೇಲೆ ಹಿಡಿದಿದ್ದ ಅಧಿಕಾರ ನಮಗೆ ಇಂದು ಕಠೋರವೆನಿಸುತ್ತದೆ. ಮದುವೆಗೂ ಸಮಿತಿಯ ಅನುಮತಿ ಬೇಕಿತ್ತು; ಎಷ್ಟೋ ಸಂದರ್ಭಗಳಲ್ಲಿ ವಧುವನ್ನು ಅಲ್ಲಿಂದಲೇ ಗೊತ್ತುಮಾಡಿ ಹಡಗಿನಲ್ಲಿ ಕಳಿಸಲಾಗುತ್ತಿತ್ತು. ಇಲ್ಲಿ ಹುಟ್ಟಿದ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಬಾಸೆಲ್‌ಗೆ ಕಳಿಸಿ ಮಿಷನ್ನಿನ ಮಕ್ಕಳ ಮನೆಯಲ್ಲಿ ಓದಿಸುತ್ತಿದ್ದರು, ಅದರ ವೆಚ್ಚವೂ ಕಾಣಿಕೆಯ ಹಣದಿಂದಲೇ. ಮಂಗಳೂರಿನಲ್ಲೋ ಧಾರವಾಡದಲ್ಲೋ ಇರುವ ತಾಯಿ ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿ ಹಲವು ವರ್ಷ ನೋಡದೆ ಬದುಕಬೇಕಾಗಿತ್ತು. ದಾನದ ಲೆಕ್ಕಪುಸ್ತಕದಲ್ಲಿ ಈ ಖರ್ಚು ಕಾಣುವುದಿಲ್ಲ, ಆದರೆ ಮಿಷನರಿಗಳ ಜೀವನವನ್ನು ದಾನ ಹೇಗೆ ರೂಪಿಸಿತು ಎಂದು ಕೇಳುವವರು ಇದನ್ನು ಬಿಡಬಾರದು. ಇದೇ ಲೆಕ್ಕದ ಇನ್ನೊಂದು ಮುಖವೆಂದರೆ, ಸ್ಥಳೀಯ ಉಪದೇಶಕರಿಗೂ ಶಾಲಾ ಮಾಸ್ತರರಿಗೂ ಸಿಗುತ್ತಿದ್ದ ವೇತನ ಯುರೋಪಿಯನ್ ಮಿಷನರಿಯ ಜೀವನಾಂಶಕ್ಕಿಂತ ಬಹಳ ಕಡಿಮೆ. ಊರೂರು ಅಲೆದು ಕನ್ನಡದಲ್ಲಿ ಮಾತಾಡಿ ದಿನನಿತ್ಯದ ಕೆಲಸ ಮಾಡಿದವರು ಇವರೇ ಆದರೂ ದಾನಿಗಳ ಪತ್ರಿಕೆಯಲ್ಲಿ ಇವರ ಹೆಸರು ಅಪರೂಪ.

ಬ್ರಿಟಿಷ್ ಸರ್ಕಾರದ ಪಾಲೇನು ಎಂದು ಕೇಳಿದ್ದೀರಿ. ಅಧಿಕಾರಿಗಳು ವೈಯಕ್ತಿಕವಾಗಿ ಕೊಟ್ಟದ್ದು ಕಡಿಮೆಯಲ್ಲ. ಮಂಗಳೂರಿನ ಬಲ್ಮಠದ ಜಾಗ ಮಿಷನ್ನಿಗೆ ಬಂದದ್ದು ಆಗಿನ ಕಲೆಕ್ಟರ್ ಬ್ಲೇರ್ ಅವರ ಕೊಡುಗೆಯಾಗಿ. ಸರ್ಕಾರದ ಬೊಕ್ಕಸದಿಂದ ಹಣ ಬರತೊಡಗಿದ್ದು 1854ರ ಶಿಕ್ಷಣ ನಿರೂಪದ (ಶಿಕ್ಷಣ ನೀತಿಯ ಆದೇಶಪತ್ರದ) ನಂತರ, ಅನುದಾನದ ರೂಪದಲ್ಲಿ. ಲೌಕಿಕ ವಿಷಯಗಳನ್ನು ಸರಿಯಾಗಿ ಕಲಿಸುವ ಯಾವುದೇ ಖಾಸಗಿ ಶಾಲೆಗೆ ಆ ಅನುದಾನ ಸಿಗುತ್ತಿತ್ತು, ಧಾರ್ಮಿಕ ಬೋಧನೆಯನ್ನು ಇನ್ಸ್‌ಪೆಕ್ಟರರು ಪರೀಕ್ಷಿಸುತ್ತಿರಲಿಲ್ಲ. ಆದ್ದರಿಂದ ನಿಮ್ಮ ಅಜ್ಜನಿಗೆ ಗಣಿತ ಕಲಿಸಿದ ಮಾಸ್ತರರ ಸಂಬಳದಲ್ಲಿ ಸರ್ಕಾರದ ಪಾಲು ಇದ್ದಿರಬಹುದು. ಸಂತೆಯಲ್ಲಿ ನಿಂತು ಸುವಾರ್ತೆ ಸಾರಿದ ಪಾದ್ರಿಯ ಜೀವನಾಂಶದಲ್ಲಿ ಇರಲಿಲ್ಲ. ವ್ಯತ್ಯಾಸ ಸ್ಪಷ್ಟವಿದ್ದರೂ, ಶಾಲೆಯ ಖರ್ಚಿನ ಒಂದು ಭಾಗವನ್ನು ಸರ್ಕಾರ ಹೊತ್ತಾಗ ಮಿಷನ್ನಿನ ಸ್ವಂತ ಹಣ ಬೇರೆ ಕೆಲಸಕ್ಕೆ ಉಳಿಯುತ್ತಿತ್ತು ಎನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ತಲೆಗಿಷ್ಟು ಎಂಬ ಹಣದ ಮಾತು ಬಾಸೆಲ್ ಮಿಷನ್ನಿನ ವ್ಯವಸ್ಥೆಗೆ ಹೊಂದುವುದಿಲ್ಲ. ಜೀವನಾಂಶ ನಿಗದಿಯಾಗಿತ್ತು, ವರ್ಷವಿಡೀ ಒಬ್ಬರೂ ದೀಕ್ಷಾಸ್ನಾನ ಪಡೆಯದಿದ್ದರೂ ಅದು ಬರುತ್ತಿತ್ತು, ನೂರು ಜನ ಬಂದರೂ ಹೆಚ್ಚಾಗುತ್ತಿರಲಿಲ್ಲ. ಧಾರವಾಡ, ಹುಬ್ಬಳ್ಳಿ ಭಾಗದಲ್ಲಿ ಮತಾಂತರವಾದವರ ಸಂಖ್ಯೆ ಬಹುಕಾಲ ತೀರ ಸಣ್ಣದಾಗಿದ್ದರೂ ಕೇಂದ್ರಗಳನ್ನು ಮುಚ್ಚದೆ ನಡೆಸಿದ್ದೇ ಇದಕ್ಕೆ ಸಾಕ್ಷಿ. ಆದರೆ ಹಣಕ್ಕೂ ಮತಾಂತರಕ್ಕೂ ಸಂಬಂಧವೇ ಇರಲಿಲ್ಲ ಎಂದು ಹೇಳಿದರೆ ಅದೂ ಪೂರ್ಣ ಸತ್ಯವಾಗುವುದಿಲ್ಲ. ಸಂಬಂಧ ಇದ್ದದ್ದು ಬರವಣಿಗೆಯ ಮೂಲಕ. ಬಾಸೆಲ್ ಮಿಷನ್ 1828ರಿಂದ ಪತ್ರಿಕೆ ಹೊರಡಿಸುತ್ತಿತ್ತು. ಕನ್ನಡ ನಾಡಿನಿಂದ ಹೋದ ಪತ್ರಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಹಳ್ಳಿಯ ದಾನಿಯ ಮನಸ್ಸು ಕರಗಬೇಕಾದರೆ ಆ ಪತ್ರದಲ್ಲಿ ಬಡತನ, ಕಾಯಿಲೆ, ವಿಗ್ರಹಾರಾಧನೆಯ 'ಕತ್ತಲೆ' ಮತ್ತು ಅಲ್ಲಿಂದ ಬಿಡುಗಡೆಯಾದ ಒಬ್ಬ ವ್ಯಕ್ತಿಯ ಕಥೆ ಇರಬೇಕಿತ್ತು. ಯುರೋಪಿನ ಸಾಮಾನ್ಯ ಓದುಗರಿಗೆ ಭಾರತದ ಬಗ್ಗೆ ತಲುಪಿದ ಚಿತ್ರ ಬಹುಪಾಲು ಇದೇ. ಕನ್ನಡವನ್ನು ಅಷ್ಟು ಆಳವಾಗಿ ಕಲಿತು, 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಮತ್ತು 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್ ಅಂಥವರು ಇದ್ದ ಮಿಷನ್ನೇ ಇಂಥ ಚಿತ್ರಗಳನ್ನೂ ಹರಡಿತು ಎನ್ನುವುದು ನನಗೆ ನೋವಿನ ಸಂಗತಿ. ನಿಘಂಟಿನ ಕೆಲಸಕ್ಕೆ ವಾರದ ಕಾಸು ಎತ್ತುವುದು ಕಷ್ಟ, ಅನಾಥ ಮಗುವಿನ ಕಥೆಗೆ ಸುಲಭ. ಇಂದಿನ ಅನೇಕ ಸೇವಾಸಂಸ್ಥೆಗಳ ಮನವಿಪತ್ರಗಳಲ್ಲಿಯೂ ಇದೇ ಒತ್ತಡ ಕಾಣುತ್ತದೆ.

ಇನ್ನೊಂದು ಸಂಬಂಧವೂ ಇತ್ತು. ಕ್ರೈಸ್ತರಾದವರು ಮನೆಯಿಂದ, ಜಾತಿಯಿಂದ, ಕಸುಬಿನಿಂದ ಹೊರಬೀಳುತ್ತಿದ್ದರು. ಕರಾವಳಿಯಲ್ಲಿ ಮೂರ್ತೆಗಾರಿಕೆ ಬಿಟ್ಟು ಬಂದ ಬಿಲ್ಲವರಿಗೆ ಜೀವನೋಪಾಯವೇ ಇಲ್ಲವಾಗುತ್ತಿತ್ತು, ಏಕೆಂದರೆ ಶೇಂದಿ ಇಳಿಸುವ ಕೆಲಸವನ್ನು ಮಿಷನ್ ಒಪ್ಪುತ್ತಿರಲಿಲ್ಲ. ಅವರನ್ನು ಕಾಣಿಕೆಯ ಹಣದಿಂದ ಕೂರಿಸಿ ಉಣಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ ಎಂದು ಬಾಸೆಲ್‌ನವರು ಬೇಗ ಕಂಡುಕೊಂಡರು. ನೇಯ್ಗೆ, ಮುದ್ರಣ, ಪುಸ್ತಕ ಕಟ್ಟುವ ಕೆಲಸ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಎಲ್ಲವೂ ಈ ಯೋಚನೆಯಿಂದ ಹುಟ್ಟಿದವು. 1859ರಲ್ಲಿ ಬಾಸೆಲ್‌ನಲ್ಲಿ ಷೇರುದಾರರ ಬಂಡವಾಳದಿಂದ ಪ್ರತ್ಯೇಕ ವ್ಯಾಪಾರ ಕಂಪನಿಯನ್ನೇ ಸ್ಥಾಪಿಸಿದರು. ಷೇರುದಾರರಿಗೆ ಮಿತವಾದ ಲಾಭಾಂಶ ಕೊಟ್ಟು, ಉಳಿದ ಲಾಭ ಮಿಷನ್ನಿಗೆ ಹೋಗುವಂತೆ ಏರ್ಪಾಡು ಮಾಡಿದರು. ಕರಾವಳಿಯ ಮನೆಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹೆಂಚು ಹೀಗೆ ಮಿಷನರಿಗಳ ಖರ್ಚಿನ ಒಂದು ಪಾಲನ್ನು ಹೊತ್ತಿತು. ಮಿಷನ್ನಿನೊಳಗೇ ಇದಕ್ಕೆ ಆಕ್ಷೇಪವಿತ್ತು: ಪಾದ್ರಿಯೇ ಧಣಿಯಾದರೆ ಸಭೆಯ ಸದಸ್ಯ ಸ್ವತಂತ್ರನಾಗಿ ಮಾತಾಡುವುದು ಹೇಗೆ ಎಂದು ಕೇಳಿದವರಿದ್ದರು. ಆ ಆಕ್ಷೇಪ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.

ಮೊದಲ ಮಹಾಯುದ್ಧ ಕಾಣಿಕೆ, ಕೈಗಾರಿಕೆ ಎಂಬ ಈ ಎರಡೂ ಆಧಾರಗಳನ್ನು ಕಿತ್ತುಹಾಕಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದ ಹೊರಗೆ ಕಳಿಸಿದರು. ಕಾರ್ಖಾನೆಗಳು 'ಕಾಮನ್‌ವೆಲ್ತ್ ಟ್ರಸ್ಟ್' ಎಂಬ ಕಂಪನಿಯ ವಶವಾದವು. 1923ರ ಹಣದುಬ್ಬರದಲ್ಲಿ ಜರ್ಮನಿಯ ಮಾರ್ಕ್ ಬೆಲೆ ಕಳೆದುಕೊಂಡಾಗ ವ್ಯೂರ್ಟೆಂಬರ್ಗಿನ ಭಕ್ತರ ಕಾಣಿಕೆ ಕಡಲಾಚೆ ಹೆಚ್ಚೇನೂ ಕೊಳ್ಳುವಂತಿರಲಿಲ್ಲ. ಇಲ್ಲಿನ ಸಭೆಗಳು ತಮ್ಮ ಸಭಾಪಾಲಕರನ್ನು ತಾವೇ ಸಾಕುವುದನ್ನು ಕಲಿಯಬೇಕಾಯಿತು.

ಭಾರತೀಯ ಕ್ರೈಸ್ತರು ಕೊಡುವವರೂ ಆಗಿದ್ದಾರೆ ಎನ್ನುವುದನ್ನು ನಮ್ಮ ಚರ್ಚೆಗಳಲ್ಲಿ ಮರೆಯುತ್ತೇವೆ. ಲೀಡ್ಸ್ ನಗರದ ರಾಬರ್ಟ್ ಆರ್ಥಿಂಗ್ಟನ್ ಎಂಬ ಶ್ರೀಮಂತ, ಅತಿ ಕಡಿಮೆ ಖರ್ಚಿನಲ್ಲಿ ಒಬ್ಬಂಟಿಯಾಗಿ ಬದುಕಿ, ತಮ್ಮ ಹಣವನ್ನೆಲ್ಲ ಮಿಷನ್‌ಗಳಿಗೆ ಮುಡಿಪಾಗಿಟ್ಟವರು. ಅವರ ನೆರವಿನಿಂದ ಲೊರೇನ್ ಮತ್ತು ಸ್ಯಾವಿಡ್ಜ್ ಎಂಬ ಇಬ್ಬರು 1894ರಲ್ಲಿ ಮಿಜೋ ಬೆಟ್ಟಗಳಿಗೆ ಹೋದರು. ಅದಾದ ಹದಿನಾರು ವರ್ಷಕ್ಕೆ, 1910ರಲ್ಲಿ, ಮಿಜೋ ಹೆಂಗಸರು 'ಬುಹ್‌ಫಾಯ್ ಥಾಮ್' ಎಂಬ ಪದ್ಧತಿ ಆರಂಭಿಸಿದರು: ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಯಲ್ಲಿಡುವುದು, ವಾರಕ್ಕೊಮ್ಮೆ ಅದನ್ನು ಕೂಡಿಸಿ ಮಾರಿ ಬಂದ ಹಣವನ್ನು ಚರ್ಚಿನ ಕೆಲಸಕ್ಕೆ ಕೊಡುವುದು. ಕೈಯಲ್ಲಿ ನಗದೇ ಓಡಾಡದ ಬೆಟ್ಟದ ಹಳ್ಳಿಗಳಲ್ಲಿ ಕೊಡಲು ಇದ್ದದ್ದು ಅಕ್ಕಿಯೊಂದೇ. ಆ ಪದ್ಧತಿ ಇಂದಿಗೂ ನಡೆಯುತ್ತಿದ್ದು, ಮಿಜೋರಾಂ ಚರ್ಚು ತಾನೇ ಬೇರೆ ರಾಜ್ಯಗಳಿಗೆ ಮಿಷನರಿಗಳನ್ನು ಕಳಿಸಿ ಸಾಕುವ ಶಕ್ತಿ ಪಡೆದದ್ದಕ್ಕೆ ಅದು ಮುಖ್ಯ ಕಾರಣಗಳಲ್ಲೊಂದು. ದಕ್ಷಿಣದಲ್ಲಿ 1903ರಲ್ಲಿ ತಿರುನೆಲ್ವೇಲಿಯಲ್ಲಿ ಸ್ಥಳೀಯರದೇ ಮಿಷನ್ ಸಂಘ ಹುಟ್ಟಿತು. 1905ರ ಕ್ರಿಸ್‌ಮಸ್ ದಿನ ಸೆರಾಂಪುರದಲ್ಲಿ ವಿ. ಎಸ್. ಅಜರಾಯ ಮೊದಲಾದವರು ಭಾರತೀಯ ಜನ, ಭಾರತೀಯ ಹಣ, ಭಾರತೀಯ ಆಡಳಿತ ಎಂಬ ತತ್ವದ ಮೇಲೆ ರಾಷ್ಟ್ರೀಯ ಮಿಷನರಿ ಸಂಘವನ್ನು ಸ್ಥಾಪಿಸಿದರು. ಆದ್ದರಿಂದ ನಿಮ್ಮ ಊರಿನಲ್ಲಿ ಕೆಲಸ ಮಾಡುವ ಸುವಾರ್ತಿಕನಿಗೆ ವಿದೇಶದಿಂದಲೇ ಹಣ ಬರುತ್ತದೆ ಎಂದು ಮೊದಲೇ ತೀರ್ಮಾನಿಸಬೇಡಿ. ತಮಿಳುನಾಡಿನದೋ ಈಶಾನ್ಯ ರಾಜ್ಯದ್ದೋ ಸಭೆಯೊಂದು ಅವನನ್ನು ಸಾಕುತ್ತಿರಬಹುದು.

ಇಂದು ಜಗತ್ತಿನಲ್ಲಿ ಪ್ರಾಟೆಸ್ಟೆಂಟ್ ಮಿಷನರಿಗಳ ಜೀವನ ನಡೆಯುವ ಕ್ರಮ ಮುಖ್ಯವಾಗಿ ಎರಡು ಬಗೆಯದು. ಒಂದರಲ್ಲಿ ಪಂಗಡದ ಎಲ್ಲ ಸಭೆಗಳೂ ತಮ್ಮ ಕಾಣಿಕೆಯ ಒಂದು ಪಾಲನ್ನು ಕೇಂದ್ರ ನಿಧಿಗೆ ಕಳಿಸುತ್ತವೆ, ಅಲ್ಲಿಂದ ಮಿಷನರಿಗೆ ಸಂಬಳ ಬರುತ್ತದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1925ರಿಂದ ಹೀಗೆ ಮಾಡುತ್ತಾರೆ. ಅದರ ಜೊತೆಗೆ 1888ರಿಂದ ಪ್ರತಿ ಕ್ರಿಸ್‌ಮಸ್‌ಗೆ ಎತ್ತುವ ವಿದೇಶಿ ಮಿಷನ್ ಕಾಣಿಕೆಗೆ, ಅದನ್ನು ಆರಂಭಿಸುವಂತೆ ಚೀನಾದಿಂದ ಪತ್ರ ಬರೆದ ಲಾಟಿ ಮೂನ್ ಎಂಬ ಮಿಷನರಿಯ ಹೆಸರಿದೆ. ಇನ್ನೊಂದರಲ್ಲಿ ಮಿಷನರಿಯೇ ತನ್ನ ಬೆಂಬಲಿಗರನ್ನು ಕಂಡುಕೊಳ್ಳಬೇಕು. ಇದರ ಮೂಲ 1865ರಲ್ಲಿ ಹಡ್ಸನ್ ಟೇಲರ್ ಕಟ್ಟಿದ ಚೀನಾ ಮಿಷನ್ನಿನಲ್ಲಿದೆ. ಸಾಲ ಮಾಡಬಾರದು, ಯಾರ ಬಳಿಯೂ ನೇರವಾಗಿ ಹಣ ಕೇಳಬಾರದು, ನಿಶ್ಚಿತ ಸಂಬಳದ ಭರವಸೆ ಇಲ್ಲ, ಬಂದದ್ದನ್ನು ಹಂಚಿಕೊಳ್ಳಬೇಕು ಎಂಬುದು ಅವರ ನಿಯಮ. ಕೇಳಬಾರದೆಂಬ ಆ ನಿಯಮ ಈಗ ಹೆಚ್ಚಿನ ಕಡೆ ಉಳಿದಿಲ್ಲ. ಮಿಷನರಿಯಾಗಲು ಹೊರಟ ದಂಪತಿಗಳು ಸಭೆಯಿಂದ ಸಭೆಗೆ, ಮನೆಯಿಂದ ಮನೆಗೆ ಹೋಗಿ ತಿಂಗಳಿಗಿಷ್ಟು ಕೊಡುವ ವಾಗ್ದಾನಗಳನ್ನು ಕೂಡಿಸುತ್ತಾರೆ. ಸಂಸ್ಥೆ ನಿಗದಿಪಡಿಸಿದ ಮೊತ್ತ ತುಂಬುವವರೆಗೆ ಹೊರಡುವಂತಿಲ್ಲ. ಆ ಮೊತ್ತದಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ, ವಿಮೆ, ನಿವೃತ್ತಿಯ ಉಳಿತಾಯ, ಪ್ರಯಾಣ ಎಲ್ಲವೂ ಸೇರಿರುತ್ತವೆ, ಸಂಸ್ಥೆ ತನ್ನ ಆಡಳಿತ ವೆಚ್ಚಕ್ಕೆ ಒಂದು ಪಾಲನ್ನು ಹಿಡಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಊರಿಗೆ ಮರಳಿ ಬೆಂಬಲಿಗರನ್ನು ಕಂಡು ವರದಿ ಒಪ್ಪಿಸಬೇಕು. ಶ್ರೀಮಂತ ಬಳಗವಿರುವವನು ಬೇಗ ಹೊರಡುತ್ತಾನೆ, ಬಡ ಸಭೆಯಿಂದ ಬಂದವನು ವರ್ಷಗಟ್ಟಲೆ ಕಾಯುತ್ತಾನೆ ಎನ್ನುವುದು ಈ ಕ್ರಮದ ದೊಡ್ಡ ಅನ್ಯಾಯ.

ಕ್ಯಾಥೊಲಿಕರಲ್ಲಿ ಹೆಚ್ಚಿನ ಮಿಷನರಿಗಳು ಸನ್ಯಾಸಿ ಸಭೆಗಳಿಗೆ ಸೇರಿದವರು. ಬಡತನದ ವ್ರತ ತೊಟ್ಟವರಾದ್ದರಿಂದ ಅವರಿಗೆ ಬರುವ ಸಂಬಳವೂ ಕಾಣಿಕೆಯೂ ಸಭೆಯ ಸಾಮಾನ್ಯ ನಿಧಿಗೆ ಹೋಗುತ್ತದೆ, ಅವರ ಬದುಕಿನ ಅಗತ್ಯವನ್ನು ಸಭೆ ನೋಡಿಕೊಳ್ಳುತ್ತದೆ. ಹಾಗಿದ್ದರೂ ಅನುದಾನಿತ ಶಾಲೆಗಳಲ್ಲಿ ಪಾಠ ಹೇಳುವ ಪಾದ್ರಿಗಳ ಮತ್ತು ಧರ್ಮಭಗಿನಿಯರ ಸಂಬಳದಿಂದ ಆದಾಯ ತೆರಿಗೆ ಕಡಿತ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. ಹಣ ಆಮೇಲೆ ಯಾರಿಗೆ ಸೇರುತ್ತದೆ ಎನ್ನುವುದು ತೆರಿಗೆಗೆ ಮುಖ್ಯವಲ್ಲ.

ತೆರಿಗೆಯ ವಿಷಯದಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಬ್ರಿಟನ್ನಿನ 1891ರ ಪೆಮ್ಸೆಲ್ ಪ್ರಕರಣ, ಮೊರೇವಿಯನ್ ಚರ್ಚು ಎಂಬ ಪ್ರಾಟೆಸ್ಟೆಂಟ್ ಪಂಗಡದ ಮಿಷನ್ ಕೆಲಸಕ್ಕೆ ಮೀಸಲಾದ ಆಸ್ತಿಯ ತೆರಿಗೆಯ ಬಗ್ಗೆ ಎದ್ದ ತಕರಾರು. ಅದರಲ್ಲಿ ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಬಡವರ ನೆರವು, ಶಿಕ್ಷಣ, ಧರ್ಮದ ಪ್ರಸಾರ ಮತ್ತು ಸಮಾಜಕ್ಕೆ ಉಪಯುಕ್ತವಾದ ಇತರ ಕಾರ್ಯಗಳು ಎಂಬ ನಾಲ್ಕನ್ನೂ ದಾನಧರ್ಮದ ವ್ಯಾಖ್ಯೆಯೊಳಗೆ ತಂದಿತು. ಅಲ್ಲಿ ಇಂದು ತೆರಿಗೆದಾರನೊಬ್ಬ ಮಿಷನ್ ಸಂಸ್ಥೆಗೆ ಒಂದು ಪೌಂಡ್ ಕೊಟ್ಟರೆ, ಗಿಫ್ಟ್ ಏಡ್ ಯೋಜನೆಯಡಿ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯಬಹುದು. ಅಮೆರಿಕದಲ್ಲಿ ದಾನಿಗೆ ವಿನಾಯಿತಿ ಸಿಗಬೇಕಾದರೆ ಹಣ ಸಂಸ್ಥೆಗೆ ಸೇರಬೇಕು, ಅದರ ಬಳಕೆಯ ಪೂರ್ಣ ಹತೋಟಿ ಸಂಸ್ಥೆಯದಾಗಿರಬೇಕು. ಮಿಷನರಿಯ ಕೈಗೆ ನೇರವಾಗಿ ಕೊಟ್ಟದ್ದು ಖಾಸಗಿ ಉಡುಗೊರೆಯಷ್ಟೇ. ಭಾರತದ ನಿಲುವು ಬೇರೆ. ಆದಾಯ ತೆರಿಗೆಯಲ್ಲಿ ದಾನಿಗೆ ಸಿಗುವ ರಿಯಾಯಿತಿ (1961ರ ಕಾಯ್ದೆಯಲ್ಲಿ ಇದು 80ಜಿ ಕಲಮು) ದಾನಧರ್ಮದ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ. ಸಂಸ್ಥೆಯೊಂದು ತನ್ನ ಆದಾಯದ ಶೇಕಡಾ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕೆಲಸಕ್ಕೆ ಬಳಸಿದರೆ ಅದರ ದಾನಿಗೆ ಆ ರಿಯಾಯಿತಿ ಇಲ್ಲ. ಈ ನಿಯಮ ಚರ್ಚಿಗೂ ಮಠಕ್ಕೂ ಮಸೀದಿಗೂ ಒಂದೇ. ಹೀಗಾಗಿ ಕ್ರೈಸ್ತ ಆಸ್ಪತ್ರೆಗೆ ಕೊಟ್ಟ ಹಣಕ್ಕೆ ರಸೀದಿಯೊಡನೆ ರಿಯಾಯಿತಿ ಸಿಗಬಹುದು, ಸುವಾರ್ತಿಕನ ಸಂಬಳಕ್ಕೆಂದು ಸಭೆಗೆ ಕೊಟ್ಟದ್ದಕ್ಕೆ ಸಿಗುವುದಿಲ್ಲ.

ವಿದೇಶದ ಹಣಕ್ಕೆ 1976ರಿಂದ ಪ್ರತ್ಯೇಕ ಕಾಯ್ದೆ ಇದೆ. ಈಗ ಜಾರಿಯಲ್ಲಿರುವುದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಮತ್ತು ಅದಕ್ಕೆ 2020ರಲ್ಲಿ ತಂದ ಬಿಗಿಯಾದ ತಿದ್ದುಪಡಿ. ಗೃಹ ಸಚಿವಾಲಯದಲ್ಲಿ ನೋಂದಣಿ ಇರಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20 ಮೀರಬಾರದು. ಈ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಧಾರ್ಮಿಕ ಉದ್ದೇಶಕ್ಕೆ ವಿದೇಶದಿಂದ ಹಣ ಪಡೆಯುವುದು ಕಾನೂನುಬಾಹಿರವಲ್ಲ. ಸಾಂಸ್ಕೃತಿಕ, ಆರ್ಥಿಕ, ಶೈಕ್ಷಣಿಕ, ಸಾಮಾಜಿಕ ಎಂಬ ಉದ್ದೇಶಗಳ ಜೊತೆಗೆ ಧಾರ್ಮಿಕ ಎನ್ನುವುದನ್ನೂ ಕಾಯ್ದೆಯೇ ಹೆಸರಿಸುತ್ತದೆ. ಕಾನೂನುಬಾಹಿರವಾಗುವುದು ಶಾಲೆಗೆಂದು ಪಡೆದದ್ದನ್ನು ಬೇರೆಯದಕ್ಕೆ ಬಳಸಿದಾಗ, ಅಥವಾ ಲೆಕ್ಕ ಒಪ್ಪಿಸದಿದ್ದಾಗ. ಹಂಚುವಿಕೆಯ ನಿಷೇಧದಿಂದ ಹೆಚ್ಚು ನೊಂದವರು ದೊಡ್ಡ ಸಂಸ್ಥೆಯೊಂದರ ಮೂಲಕ ಅಲ್ಪಸ್ವಲ್ಪ ನೆರವು ಪಡೆಯುತ್ತಿದ್ದ ಹಳ್ಳಿಗಾಡಿನ ಸಣ್ಣ ಸಂಸ್ಥೆಗಳು, ಅವುಗಳಲ್ಲಿ ಎಲ್ಲ ಧರ್ಮದವರ ಸಂಸ್ಥೆಗಳೂ ಇವೆ.

ಕೊನೆಯದಾಗಿ ಪರಿಶೀಲನೆಯ ಬಗ್ಗೆ. ವಿದೇಶಿ ವಂತಿಗೆ ಪಡೆಯುವ ಸಂಸ್ಥೆ ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಲೆಕ್ಕ ತಪಾಸಣೆಗೊಂಡ ಜಮಾಖರ್ಚಿನ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಅಥವಾ ಸರ್ಕಾರ ಸೂಚಿಸಿದ ತಾಣದಲ್ಲಿ ಪ್ರಕಟಿಸಬೇಕು ಎಂಬುದು ನಿಯಮ. ಮೊದಲು ಸಂಸ್ಥೆಯ ತಾಣದಲ್ಲಿ ಹುಡುಕಿ, ಅಲ್ಲಿ ಸಿಗದಿದ್ದರೆ ಕಾರ್ಯಾಲಯಕ್ಕೆ ಬರೆದು ಕೇಳಿ. ಕಳಿಸುವ ಸಂಸ್ಥೆ ಇಂಗ್ಲೆಂಡಿನದಾದರೆ ಅಲ್ಲಿನ ಚಾರಿಟಿ ಕಮಿಷನ್ನಿನ ದಾಖಲೆಯಲ್ಲಿ ವರ್ಷವರ್ಷದ ಲೆಕ್ಕ ಎಲ್ಲರಿಗೂ ತೆರೆದಿರುತ್ತದೆ. ಅಮೆರಿಕದ ಹೆಚ್ಚಿನ ದಾನಸಂಸ್ಥೆಗಳು ಫಾರ್ಮ್ 990 ಎಂಬ ವಾರ್ಷಿಕ ವಿವರ ಸಲ್ಲಿಸುತ್ತವೆ, ಆದರೆ ಚರ್ಚುಗಳಿಗೆ ಅದರಿಂದ ವಿನಾಯಿತಿ ಇದೆ. ನಿಮ್ಮ ಊರಿನ ಸಭೆಯ ಮಟ್ಟಿಗೆ ಇನ್ನೂ ಸುಲಭ: ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮೊದಲಾದ ಸಭೆಗಳಲ್ಲಿ ವಾರ್ಷಿಕ ಮಹಾಸಭೆಯ ಮುಂದೆ ಲೆಕ್ಕ ಇಡುತ್ತಾರೆ, ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಲೆಕ್ಕ ಓದುವಾಗ ಒಟ್ಟು ಮೊತ್ತಕ್ಕಿಂತ ಮೂರು ವಿಷಯಗಳ ಮೇಲೆ ಕಣ್ಣಿಡಿ: ಹಣದಲ್ಲಿ ಎಷ್ಟು ಭಾಗ ಒಬ್ಬಿಬ್ಬರು ದೊಡ್ಡ ದಾನಿಗಳಿಂದ ಬಂದಿದೆ, ಯಾವ ಉದ್ದೇಶ ಹೇಳಿ ಪಡೆದದ್ದು ಯಾವುದಕ್ಕೆ ಖರ್ಚಾಗಿದೆ, ಸ್ಥಳೀಯ ಕೆಲಸಗಾರರಿಗೆ ಸಿಗುವ ವೇತನ ಎಷ್ಟು. ನಿಮ್ಮ ಅಜ್ಜನ ಕಾಲದ ಲೆಕ್ಕ ನೋಡುವ ಆಸೆಯಿದ್ದರೆ, ಬಾಸೆಲ್ ಮಿಷನ್ನಿನ ದಾಖಲೆಗಳು ಬಾಸೆಲ್ ನಗರದಲ್ಲಿ ಸುರಕ್ಷಿತವಾಗಿವೆ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಮಿಷನ್ನಿಗೆ ಸಂಬಂಧಿಸಿದ ಹಳೆಯ ದಾಖಲೆಗಳಿವೆ, ಹೋಗುವ ಮೊದಲು ಅನುಮತಿ ಕೇಳಿ ಬರೆಯಿರಿ.